ಕುಲುಮೆಯಲ್ಲಿ ಮಾಡಿದ ಅಡುಗೆಮನೆ ಚಾಕು 800 ರೂಪಾಯಿಗೆ ಕೊಡಲು ಆಗುತ್ತಾ?

ಕುಲುಮೆಮನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಪ್ಪ ಕಮ್ಮಾರರು. ಕತ್ತಿ, ಕುಡುಗೋಲು, ಅಡಿಕೆ ಸುಲಿಯುವ ಮೆಟ್ಟುಗತ್ತಿ ಮಾಡುತ್ತಾರೆ. ನಾನು ಐಟಿಐ ಮುಗಿಸಿ ಪೀಣ್ಯದಲ್ಲಿ ಆರು ವರ್ಷ ಟರ್ನರ್ ಆಗಿದ್ದೆ. ಎರಡು ವರ್ಷದ ಹಿಂದೆ ಊರಿಗೆ ಬಂದು ಅಡುಗೆಮನೆ ಚಾಕು ಮಾಡಲು ಶುರು ಮಾಡಿದೆ.

ಸದ್ಯ ಮಾಡುವುದು ಒಂದೇ ಬಗೆ. ಲಾರಿಯ ಹಳೇ ಕಮಾನು ಪಟ್ಟಿ ಕಾಯಿಸಿ ಬಡಿಯುತ್ತೇನೆ. 8 ಮಿ.ಮೀ. ದಪ್ಪದ್ದನ್ನು 3ಕ್ಕೆ ಇಳಿಸುವಷ್ಟರಲ್ಲಿ ತೋಳು ಸೋತು ಹೋಗುತ್ತದೆ. ಹಿಡಿಗೆ ಎರಡೂ ಕಡೆ ಹೊನ್ನೆ ಮರದ ಪಟ್ಟಿ, ಮೂರು ಹಿತ್ತಾಳೆ ಮೊಳೆ, ಅಲಗಿಗೆ ಮುಖ ಕಾಣುವಂಥ ಪಾಲಿಶ್. ಒಂದಕ್ಕೆ ಆರು ಗಂಟೆ ಬೇಕು. 3,200 ರೂಪಾಯಿಗೆ ಮಾರುತ್ತೇನೆ. ತಿಂಗಳಿಗೆ ನಾಲ್ಕೈದು ಹೋಗುತ್ತವೆ. ಕೊಳ್ಳುವವರೆಲ್ಲ ಬೆಂಗಳೂರಿನವರು.

ಹೋದ ತಿಂಗಳು ಸಂತೆಯಲ್ಲಿ ಅಪ್ಪನ ಕತ್ತಿಗಳ ಪಕ್ಕ ನನ್ನದೂ ಒಂದು ಇಟ್ಟಿದ್ದೆ. ನಮ್ಮೂರ ಅಂಗನವಾಡಿ ಟೀಚರ್ ಬಂದರು. ಅಲ್ಲೇ ಇದ್ದ ಸೌತೆಕಾಯಿ ಹೆಚ್ಚಿ ನೋಡಿದರು. ಮುಖ ಅರಳಿತು. ರೇಟು ಕೇಳಿದರು, ಹೇಳಿದೆ. ಏನೂ ಅನ್ನಲಿಲ್ಲ. ಅಲಗನ್ನು ಸೆರಗಿನಲ್ಲಿ ಒರೆಸಿ, ಎಲ್ಲಿತ್ತೋ ಅಲ್ಲೇ ಇಟ್ಟು ಹೋದರು. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅಪ್ಪನ ಕತ್ತಿ ಊರಿನ ಎಲ್ಲ ಮನೆಯಲ್ಲೂ ಇದೆ. ನನ್ನ ಚಾಕು ಒಂದು ಮನೆಯಲ್ಲೂ ಇಲ್ಲ.

800 ರೂಪಾಯಿಗೆ ಕೊಡಬೇಕು ಅಂತ ಮೂರು ಮಾಡಿ ನೋಡಿದೆ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಉಳಿಸಿದೆ. ಗುಜರಿಯಲ್ಲಿ ಸಿಕ್ಕ ಗೊತ್ತಿಲ್ಲದ ಪಟ್ಟಿ, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿದ ಮೇಲೆ ಅರ್ಧ ಗಂಟೆ ಮಾತ್ರ ಹದ, ಅಂದರೆ ಮತ್ತೆ ಹಗುರಾಗಿ ಕಾಯಿಸುವುದು. ಒಂದರ ಅಂಚು ತೆಂಗಿನ ಚಿಪ್ಪಿಗೆ ತಾಗಿ ಚಕ್ಕೆ ಎದ್ದಿತು. ಇನ್ನೊಂದು ಕುಂಬಳಕಾಯಿಯಲ್ಲಿ ಬಾಗಿತು. ಮೂರನ್ನೂ ಮತ್ತೆ ಕುಲುಮೆಗೆ ಹಾಕಿದೆ.

ಎಲ್ಲಿ ಕಡಿಮೆ ಮಾಡಬೇಕು, ಎಲ್ಲಿ ಮಾಡಬಾರದು? ಇನ್ನೊಂದು ಮಾತು. ಬಡಿಯುವುದನ್ನು ಬಿಟ್ಟು ರೆಡಿ ಪಟ್ಟಿ ತಂದು ಉಜ್ಜಿದರೆ ಅದನ್ನು ಕುಲುಮೆ ಚಾಕು ಅನ್ನಬಹುದಾ? ಅಪ್ಪನನ್ನು ಕೇಳಲು ಧೈರ್ಯ ಬಂದಿಲ್ಲ.

ಸಾಣೆಕಲ್ಲು:

ನಾನು ಮೈಸೂರಿನಲ್ಲಿ ಹನ್ನೊಂದು ವರ್ಷದಿಂದ ಚಾಕು ಮಾಡುತ್ತಿದ್ದೇನೆ. ನಿಮ್ಮ ಹಾಗೇ ನಾನೂ ಮೊದಲು ಸ್ಟೀಲ್‌ನಲ್ಲಿ ಉಳಿಸಲು ಹೋಗಿದ್ದೆ. ಸ್ವಲ್ಪ ಲೆಕ್ಕ ನೋಡೋಣ.

2 ಮಿ.ಮೀ. ದಪ್ಪ, 45 ಮಿ.ಮೀ. ಅಗಲದ ಇಎನ್ 42ಜೆ ಪಟ್ಟಿ ತಗೊಳ್ಳಿ. ಅದು ಸ್ಪ್ರಿಂಗ್‌ಗೆ ಬಳಸುವ ಸ್ಟೀಲ್, ಕಾರ್ಬನ್ ಚೆನ್ನಾಗಿದೆ, ಎಣ್ಣೆಯಲ್ಲಿ ಗಟ್ಟಿಯಾಗುತ್ತದೆ. 150 ಮಿ.ಮೀ. ಅಲಗು, ಹಿಡಿಯೊಳಗೆ ಹೋಗುವ ಬಾಲ 90 ಮಿ.ಮೀ. ಬಾಲ 20 ಮಿ.ಮೀ. ಅಗಲ ಇದ್ದರೆ ಸಾಕು. ಎರಡು ಚಾಕುವನ್ನು ತಲೆಕೆಳಗಾಗಿ ಎದುರುಬದುರು ಇಟ್ಟು ಗೆರೆ ಹಾಕಿ, ಎರಡು ಬಾಲ ಅಕ್ಕಪಕ್ಕ ಕೂರುತ್ತವೆ. 390 ಮಿ.ಮೀ. ಪಟ್ಟಿಯಲ್ಲಿ ಎರಡು ಚಾಕು. ಒಂದಕ್ಕೆ ಹತ್ತತ್ತಿರ 140 ಗ್ರಾಂ ಸ್ಟೀಲ್. ನಾನು ಕೊಳ್ಳುವುದು ಕಿಲೋಗೆ 180ರಂತೆ. ಅಂದರೆ 25 ರೂಪಾಯಿ! ಗುಜರಿ ಪಟ್ಟಿ ತಂದು ನೀವು ಉಳಿಸಿದ್ದು ಒಂದು ಟೀ ಕಾಸು. ಅದೂ ಹಳೇ ಕಮಾನಿನ ಒಳಗೆ ಕಣ್ಣಿಗೆ ಕಾಣದ ಬಿರುಕು ಇರಬಹುದು.

ದುಡ್ಡು ಹೋಗುವುದು ಗಂಟೆಯಲ್ಲಿ. ಆರು ಗಂಟೆ ಹೇಗೆ ಹೋಯಿತು ಅಂತ ಬರೆದು ನೋಡಿ. ನನ್ನ ಅಂದಾಜು: ಬಡಿಯಲು ಒಂದೂವರೆ, ಉಜ್ಜಲು ಎರಡು, ಹಿಡಿಗೆ ಒಂದೂವರೆ, ಪಾಲಿಶ್‌ಗೆ ಒಂದು. ಇದರಲ್ಲಿ ತರಕಾರಿಗೆ ಗೊತ್ತಾಗುವುದು ಎಷ್ಟು? ಪಾಲಿಶ್ ಗೊತ್ತಾಗುವುದಿಲ್ಲ. 220 ನಂಬರ್ ಉಜ್ಜುವ ಬೆಲ್ಟ್‌ಗೆ (ಮಷೀನಿನ ಮರಳು ಪಟ್ಟಿ) ನಿಲ್ಲಿಸಿ. ಬೆನ್ನಿನ ಹತ್ತಿರ ಕಪ್ಪು ಹಾಗೇ ಇರಲಿ, ನೋಡಲೂ ಚೆಂದ.

ಹದದಲ್ಲಿ ಮಾತ್ರ ಒಂದು ನಿಮಿಷವೂ ಉಳಿಸಬೇಡಿ. ಕಾದ ಅಲಗನ್ನು ಅಯಸ್ಕಾಂತ ಹಿಡಿಯುವುದು ನಿಂತ ಮೇಲೆ ಅದು ಇನ್ನೂ ಸ್ವಲ್ಪ ಬಿಸಿಯಾಗಬೇಕು, 800 ಡಿಗ್ರಿ ಆಸುಪಾಸು. ಉಗುರು ಬೆಚ್ಚಗಿಂತ ಜಾಸ್ತಿ ಬಿಸಿ ಮಾಡಿದ ಎಣ್ಣೆಗೆ ನೇರವಾಗಿ ಇಳಿಸಿ. ಅರ ಹಾಕಿದರೆ ಕಚ್ಚದೆ ಜಾರಬೇಕು, ಆಗ ಗಟ್ಟಿಯಾಗಿದೆ ಅಂತ ಅರ್ಥ. ಆಮೇಲೆ 200 ಡಿಗ್ರಿಯಲ್ಲಿ ಎರಡು ಗಂಟೆ, ಆರಿದ ಮೇಲೆ ಮತ್ತೆ ಎರಡು ಗಂಟೆ. ಮನೆಯ ಓಟಿಜಿ (ಕರೆಂಟಿನ ಓವನ್) ಸಾಕು. ಅಷ್ಟು ಹೊತ್ತು ನೀವು ಪಕ್ಕದಲ್ಲೇ ಕೂರಬೇಕಾಗಿಲ್ಲ, ಹತ್ತು ಅಲಗು ಒಟ್ಟಿಗೆ ಹಿಡಿಯುತ್ತದೆ. ತೆಳು ಅಲಗು ಸೊಟ್ಟಗಾಗುತ್ತದೆ ಅಂದರೆ, ಅಂಚು ಉಜ್ಜುವ ಮೊದಲೇ ಗಟ್ಟಿ ಮಾಡಿ, ಆಮೇಲೆ ನೀರಲ್ಲಿ ಅದ್ದಿ ಅದ್ದಿ ಉಜ್ಜಿ. ಬರಿಗೈಯಲ್ಲಿ ಹಿಡಿದು ಉಜ್ಜಿ. ಕೈ ಸುಟ್ಟರೆ ಅಲಗೂ ಬಿಸಿಯಾಗಿದೆ ಅಂತ ಅರ್ಥ.

ಇನ್ನು ಹಿಡಿ. ನಿಮ್ಮ ತಂದೆಯವರು ಕತ್ತಿಗೆ ಹಿಡಿ ಹೇಗೆ ಹಾಕುತ್ತಾರೆ?

ಕುಲುಮೆಮನೆ:

ಬಾಲವನ್ನು ಕೆಂಪಗೆ ಕಾಯಿಸಿ ಮರದ ತೂತಿಗೆ ಹೊಡೆಯುತ್ತಾರೆ ಸರ್. ಮರ ಸುಟ್ಟು ತಾನೇ ಜಾಗ ಮಾಡಿಕೊಳ್ಳುತ್ತದೆ. ಬಾಯಿಗೆ ಒಂದು ಬಳೆ. ಮೊಳೆ ಇಲ್ಲ, ಅಂಟೂ ಇಲ್ಲ. ಹತ್ತು ನಿಮಿಷದ ಕೆಲಸ.

ಅದು ಹಳೇ ಕಾಲದ್ದು, ಅಡುಗೆಮನೆಗೆ ಚೆನ್ನಾಗಿ ಕಾಣಲ್ಲ ಅಂತ ನಾನೇ ಬಿಟ್ಟಿದ್ದೆ.

ಸಾಣೆಕಲ್ಲು:

ಅದನ್ನೇ ಹಾಕಿ! ನಿಮ್ಮ ಒಂದೂವರೆ ಗಂಟೆ ಅಲ್ಲೇ ಇತ್ತು. ಆದರೆ ಗಟ್ಟಿ ಮಾಡಿದ ಅಲಗಿನ ಬಾಲವನ್ನೇ ಕಾಯಿಸಬೇಡಿ, ಬಿಸಿ ಮೇಲಕ್ಕೆ ಹತ್ತಿ ಹದ ಕೆಡುತ್ತದೆ. ಅದೇ ಅಳತೆಯ ಇನ್ನೊಂದು ಕಬ್ಬಿಣದ ತುಂಡು ಮಾಡಿಟ್ಟುಕೊಂಡು, ಅದನ್ನು ಕಾಯಿಸಿ ತೂತು ಸುಡಿ. ತಣ್ಣಗಾದ ಮೇಲೆ ಒಳಗಿನ ಮಸಿ ಕೆರೆದು, ಅರಾಲ್ಡೈಟ್ ಹಾಕಿ ಅಲಗು ಕೂರಿಸಿ. ಅಡುಗೆಮನೆಯಲ್ಲಿ ನೀರು ಜಾಸ್ತಿ, ಅಂಟು ಬೇಕೇ ಬೇಕು. ಹಿಡಿ ಗುಂಡಗೆ ಬೇಡ, ಮೊಟ್ಟೆಯಾಕಾರ ಇರಲಿ. ಕೈಯಲ್ಲಿ ತಿರುಗುವುದಿಲ್ಲ.

ನನ್ನ ಶೆಡ್ಡಿನ ಲೆಕ್ಕ ಹೇಳುತ್ತೇನೆ. ಒಂದು ಚಾಕುವಿಗೆ ಸ್ಟೀಲ್ ವೇಸ್ಟ್ ಸೇರಿ 40, ಮರ 20, ಬಳೆ 25, ಅಂಟು 20, ಬೆಲ್ಟ್ 70, ಗ್ಯಾಸು ಮತ್ತು ಕರೆಂಟು 60, ಡಬ್ಬಿ 45. ಒಟ್ಟು 280. ಹತ್ತು ಚಾಕು ಒಟ್ಟಿಗೆ ಮಾಡಿದರೆ 18 ಗಂಟೆ. ಗಂಟೆಗೆ 200 ಕೂಲಿ ಹಾಕಿ, ಒಂದಕ್ಕೆ 360. ಮಷೀನ್ ಸವೆತ 60. ಆಯಿತು 700. ಹತ್ತರಲ್ಲಿ ಒಂದು ಕೆಡುತ್ತದೆ, ಅದನ್ನು ಉಳಿದ ಒಂಬತ್ತು ಹೊರಬೇಕು. ಅಲ್ಲಿಗೆ 780. ನೀವು 800ಕ್ಕೆ ಕೊಟ್ಟರೆ ಉಳಿಯುವುದು 20 ರೂಪಾಯಿ. ಬೆಲೆ 1,200 ಇಡಿ.

ಧಾರವಾಡದ ಅಡುಗೆಮನೆ:

ತಮ್ಮಾ, ನನಗೆ ಕಬ್ಬಿಣದ ವಿಷಯ ಗೊತ್ತಿಲ್ಲ. ಮೂವತ್ತು ವರ್ಷದಿಂದ ದಿನಾ ಹೆಚ್ಚುವವಳಾಗಿ ಹೇಳುತ್ತೇನೆ.

ಅಂಗಡಿಯಲ್ಲಿ ಸಿಗುವ ಚಾಕುಗಳ ಅಲಗು ಅಗಲ ಕಡಿಮೆ. ಹೆಚ್ಚುವಾಗ ಬೆರಳ ಗೆಣ್ಣು ಮಣೆಗೆ ಬಡಿಯುತ್ತದೆ. 45 ಮಿ.ಮೀ. ಅಂದಿರಲ್ಲ, ಅದನ್ನು ಕಡಿಮೆ ಮಾಡಬೇಡಿ. ಹಿಡಿ ಹತ್ತಿರ ಅಲಗಿನ ಬೆನ್ನಿನ ಮೂಲೆ ಚೂಪಾಗಿದ್ದರೆ ತೋರುಬೆರಳು ಕೊರೆದು ಗಂಟು ಕಟ್ಟುತ್ತದೆ. ಅಲ್ಲಿ ಎರಡು ನಿಮಿಷ ಅರ ಹಾಕಿ ನುಣುಪು ಮಾಡಿ. ಈ ಎರಡು ನಿಮಿಷ ನಿಮ್ಮ ಒಂದು ಗಂಟೆ ಪಾಲಿಶ್‌ಗಿಂತ ಹೆಚ್ಚು. ನಮ್ಮ ಕೈ ಚಿಕ್ಕದು, ಹಿಡಿ ತೀರಾ ದಪ್ಪ ಬೇಡ.

ಇದು ಸ್ಟೇನ್‌ಲೆಸ್ ಅಲ್ಲ ಅಂತ ಮೊದಲೇ ಬಾಯಿಬಿಟ್ಟು ಹೇಳಿ. ಮಾವಿನಕಾಯಿ, ನಿಂಬೆಹಣ್ಣು ಹೆಚ್ಚಿದರೆ ಕಪ್ಪಾಗುತ್ತದೆ. ಆ ಕಪ್ಪಿಗೆ ಹೆದರಬೇಕಿಲ್ಲ, ಕೆಂಪು ತುಕ್ಕು ಬಂದರೆ ಮಾತ್ರ ತಿಕ್ಕಬೇಕು. ನಮ್ಮ ಅಜ್ಜಿಯ ಈಳಿಗೆ ಮಣೆ ಹಾಗೇ ಕಪ್ಪಗಿತ್ತು, ಯಾರೂ ಬೇಜಾರು ಮಾಡಿಕೊಂಡಿರಲಿಲ್ಲ. ಸಿಂಕಿನಲ್ಲಿ ಬಿಡಬೇಡಿ, ಒರೆಸಿಡಿ ಅಂತ ಒಂದು ಚೀಟಿ ಕನ್ನಡದಲ್ಲಿ ಬರೆದು ಡಬ್ಬಿಗೆ ಹಾಕಿ.

1,200 ಕೊಡುತ್ತೇನಾ? ಮೊಂಡಾದಾಗ ವರ್ಷಕ್ಕೊಮ್ಮೆ ಸಾಣೆ ಹಿಡಿದು ಕೊಡುತ್ತೇನೆ ಅಂದರೆ ಕೊಡುತ್ತೇನೆ.

ತೋಟದ ದಾರಿ:

ನಾನು 2019ರಲ್ಲಿ ಇದೇ ಕೆಲಸ ಶುರು ಮಾಡಿ 2021ರಲ್ಲಿ ನಿಲ್ಲಿಸಿದವನು. 650ಕ್ಕೆ ಕೊಡುತ್ತಿದ್ದೆ. ಆರ್ಡರ್ ಬಂದವೋ ಬಂದವು. ಒಂದು ಅಂಗಡಿಯವರು ನಲವತ್ತು ಒಯ್ದು, ತಮ್ಮ ಕಮಿಷನ್ ಹಿಡಿದು ಉಳಿದಿದ್ದನ್ನು ಐದು ತಿಂಗಳ ಮೇಲೆ ಕೊಟ್ಟರು. ಕೂಲಿ ಲೆಕ್ಕ ಹಾಕಿದರೆ ಗಂಟೆಗೆ 40 ರೂಪಾಯಿಯೂ ಬೀಳಲಿಲ್ಲ. ಬೆಲ್ಟ್ ಕೊಳ್ಳಲು ಹೆಂಡತಿ ಹತ್ತಿರ ಸಾಲ ಕೇಳಿದ ದಿನ ಬಾಗಿಲು ಹಾಕಿದೆ. ನೀವು ಹಾಗಾಗಬಾರದು ಅಂತ ಇಷ್ಟು ಬರೆಯುತ್ತಿದ್ದೇನೆ.

ಅಂಗಡಿ 30 ಪರ್ಸೆಂಟ್ ಹಿಡಿದರೆ 1,200ರಲ್ಲಿ ನಿಮಗೆ ಬರುವುದು 840. ಸಾಣೆಕಲ್ಲು ಅವರ ಲೆಕ್ಕದಲ್ಲಿ ಉಳಿಯುವುದು 60. ಮೊದಲ ವರ್ಷ ಅಂಗಡಿಗೆ ಕೊಡಲೇಬೇಡಿ.

ಬಡಿಯದಿದ್ದರೆ ಕುಲುಮೆ ಚಾಕುವಾ ಅಂತ ಕೇಳಿದ್ದೀರಿ. ಬೆಂಕಿಯ ಬಣ್ಣ ನೋಡಿ ಎಣ್ಣೆಗೆ ಇಳಿಸುವುದು ಕುಲುಮೆಯಲ್ಲೇ ಅಲ್ವಾ? ಮಾರುವಾಗ ಮಾತ್ರ ಬಡಿದದ್ದು ಅಂತ ಸುಳ್ಳು ಹೇಳಬೇಡಿ, ಪಟ್ಟಿಯಿಂದ ಮಾಡಿದ್ದು ಅನ್ನಿ.

ಬೆಲ್ಟ್ ಗ್ರೈಂಡರ್‌ಗೆ ದುಡ್ಡು ಬೇಕಿದ್ದರೆ ಪಿಎಂ ವಿಶ್ವಕರ್ಮ ಯೋಜನೆ ನೋಡಿ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದದ್ದು, 18 ಕಸುಬುಗಳಲ್ಲಿ ಕಮ್ಮಾರಿಕೆ ಇದೆ. ಉಪಕರಣಕ್ಕೆ 15,000, ಮೊದಲ ಹಂತದ ಸಾಲ 1 ಲಕ್ಷದವರೆಗೆ, ಬಡ್ಡಿ 5 ಪರ್ಸೆಂಟ್. ಮನೆಗೆ ಒಬ್ಬರಿಗೆ ಮಾತ್ರ. ತಂದೆಯವರ ಹೆಸರಲ್ಲೋ ನಿಮ್ಮ ಹೆಸರಲ್ಲೋ, ಕೂತು ಮಾತಾಡಿ.

ಕುಲುಮೆಮನೆ:

ಮೂರು ವಾರ ಆಯಿತು. ಹತ್ತು ಮಾಡಿದೆ.

ಅಪ್ಪನ ಹತ್ತಿರ ಕೇಳಿಯೇಬಿಟ್ಟೆ. ಪಟ್ಟಿಯನ್ನು ಕೈಯಲ್ಲಿ ತಿರುಗಿಸಿ, ಬಗ್ಗಿಸಿ ನೋಡಿ, "ತರಕಾರಿ ಹೆಚ್ಚಲು ಇಷ್ಟು ತೆಳು ಇದ್ದರೇ ಸರಿ" ಅಂದರು. ಅಷ್ಟೇ. ನಾನು ಎರಡು ವರ್ಷ ಸುಮ್ನೆ ಹೆದರಿದ್ದೆ. ಅಯಸ್ಕಾಂತ ಅವರಿಗೆ ಬೇಕಾಗಲಿಲ್ಲ. ಸಂಜೆ ದೀಪ ಆರಿಸಿ ಬಣ್ಣ ನೋಡಿ "ಈಗ" ಅನ್ನುತ್ತಿದ್ದರು, ನಾನು ಎಣ್ಣೆಗೆ ಇಳಿಸುತ್ತಿದ್ದೆ. ಹತ್ತರ ಮೇಲೂ ಅರ ಜಾರಿತು. ಹಿಡಿ ಪೂರ್ತಿ ಅವರದೇ. ಬಡಗಿ ಮನೆಯಿಂದ ಹಲಸಿನ ತುಂಡು ತಂದಿದ್ದೆವು.

ಲೆಕ್ಕ ಇದ್ದದ್ದು ಇದ್ದ ಹಾಗೇ ಹೇಳುತ್ತೇನೆ. 18 ಅಲ್ಲ, 21 ಗಂಟೆ ಹಿಡಿಯಿತು. ಒಂದು ಅಲಗು ಸೊಟ್ಟಗಾಯಿತು, ಒಂದು ಹಿಡಿ ಸೀಳಿತು. ಎಂಟು ಉಳಿದವು. ಸಾಮಾನು 2,800, ಕೂಲಿ 4,200, ಮಷೀನಿಗೆ 600. ಎಂಟಕ್ಕೆ ಹಂಚಿದರೆ ಒಂದಕ್ಕೆ 950. ಅಂಗಡಿಗೆ ಕೊಟ್ಟರೆ ಪ್ರತಿ ಚಾಕುವಿಗೂ 110 ಕೈಯಿಂದ ಹೋಗುತ್ತದೆ. ಹಾಗಾಗಿ ಸಂತೆಯಲ್ಲಿ ಮಾತ್ರ, 1,200ಕ್ಕೆ. ವರ್ಷಕ್ಕೊಮ್ಮೆ ಸಾಣೆ ನಮ್ಮದು. ಅಕ್ಕ ಹೇಳಿದ ಹಾಗೆ ಬೆನ್ನಿನ ಮೂಲೆ ನುಣುಪು ಮಾಡಿದ್ದೇನೆ, ಚೀಟಿಯೂ ಹಾಕಿದ್ದೇನೆ.

ಟೀಚರ್ ಬಂದಿದ್ದರು. 1,200 ಅಂದಾಗ ಯೋಚನೆ ಮಾಡಿದರು. ಅಪ್ಪ ಮೊದಲಿಂದಲೂ ಅಡಿಕೆ ಮಾರಿದ ಮೇಲೆ ಕೊಡಿ ಅಂತ ಕತ್ತಿ ಕೊಟ್ಟವರು. "ಈಗ ಅರ್ಧ ಕೊಡಿ, ಸಂಬಳ ಆದ ಮೇಲೆ ಇನ್ನರ್ಧ" ಅಂದುಬಿಟ್ಟರು. ಒಯ್ದರು. ಒಟ್ಟು ಆರು ಹೋದವು, ನಾಲ್ಕು ನಮ್ಮೂರಿನಲ್ಲೇ.

ಮುಂದಿನ ಹತ್ತಕ್ಕೆ ಪಟ್ಟಿ ಕತ್ತರಿಸಿ ಇಟ್ಟಿದ್ದೇನೆ. 60 ನಂಬರ್ ಬೆಲ್ಟ್ ಮೂರು ಚಾಕುವಿಗೇ ಸವೆದು ಹೋಗುತ್ತಿದೆ. ಗಟ್ಟಿ ಮಾಡಿದ ಅಲಗಿಗೆ ಸೆರಾಮಿಕ್ ಬೆಲ್ಟ್ ಹಾಕಿದರೆ ಬಾಳಿಕೆ ಬರುತ್ತದೆಯಾ? ಬಳಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.