ಹೈಡ್ರೋಫೋನ್‌ಗೆ 'ನೀರ್ಗಿವಿ' ಸಾಲದೇ?

ತಿಮಿಂಗಿಲಗಳ ಸದ್ದಿನ ಬಗ್ಗೆ ಮಕ್ಕಳಿಗಾಗಿ ಮಾಡುತ್ತಿರುವ ಫಲಕದಲ್ಲಿ ಹೈಡ್ರೋಫೋನ್‌ಗೆ, ಅಂದರೆ ನೀರಿನಡಿಯ ಸದ್ದು ಹಿಡಿಯುವ ಮೈಕಿಗೆ, ಕನ್ನಡದಲ್ಲಿ ಏನನ್ನೋಣ ಅಂತ ಕೇಳಿದ್ದೀರಿ. ಅದು ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು ಅಂದಿದ್ದೀರಿ, ಹಾಗಾಗಿ ಮೊದಲು ಉತ್ತರ. 'ನೀರ್ಗಿವಿ' ಅಂತ ಹಾಕಿ. ನೀರಿನ ಕಿವಿ ಅದು. 'ಹಳಗನ್ನಡ'ದ ಹಾಗೆಯೇ ಇಲ್ಲೂ 'ಕ' ಹೋಗಿ 'ಗ' ಬಂದಿದೆ, ಸಂಧಿ ಬಿಡಿಸಿ ಹೇಳಬೇಕಿಲ್ಲ. ಮೊದಲ ಸಲ ಬಂದಾಗ ಪಕ್ಕದಲ್ಲಿ ಹೈಡ್ರೋಫೋನ್ ಅಂತಲೂ ಇರಲಿ. 'ಜಲಧ್ವನಿಗ್ರಾಹಕ' ಬೇಡವೇ ಬೇಡ. ಓದಲು ನಿಂತ ಮಕ್ಕಳ ನಾಲಿಗೆ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ನನಗೆ ಜಾಸ್ತಿ ತಲೆಕೆಟ್ಟದ್ದು 'ಪ್ಯಾಸಿವ್ ಅಕೂಸ್ಟಿಕ್ ಮಾನಿಟರಿಂಗ್'ಗೆ ಫಲಕದಲ್ಲಿ ಹಾಕಿರುವ 'ನಿಷ್ಕ್ರಿಯ ಧ್ವನಿ ಮೇಲ್ವಿಚಾರಣೆ' ನೋಡಿ. ನಿಷ್ಕ್ರಿಯ ಅಂದರೆ ನೆನಪಾಗುವುದು ವರ್ಷಗಟ್ಟಲೆ ಮುಟ್ಟದ ಬ್ಯಾಂಕ್ ಖಾತೆ. ಯಂತ್ರ ಕೆಟ್ಟಿದೆ ಅಂದುಕೊಳ್ಳುತ್ತಾರೆ ಜನ. ಮೀನು ಹುಡುಕುವ ಸೋನಾರ್ ತಾನೇ ಸದ್ದು ಬಿಟ್ಟು ಮಾರ್ದನಿಗೆ ಕಾಯುತ್ತದೆ. ಈ ನೀರ್ಗಿವಿ ತಾನು ಸದ್ದೇ ಮಾಡದೆ ಹಗಲೂ ರಾತ್ರಿ ಕಡಲಡಿಯಲ್ಲಿ ಕಿವಿಗೊಟ್ಟು ಕೂರುತ್ತದೆ. ಅದನ್ನೇ ಬರೆಯಿರಿ. ಒಂದೇ ಪದ ಬೇಕಿದ್ದರೆ 'ಕಡಲಾಲಿಕೆ'.

ಇನ್ನು 'ತಿಮಿಂಗಿಲ ಸಂಸ್ಕೃತ, ಹೆಮ್ಮೀನು ಅನ್ನೋಣ' ಎಂದವರಿಗೆ. ತಿಮಿಯನ್ನು ನುಂಗುವುದು ತಿಮಿಂಗಿಲ, ತಿಮಿಯೂ ಮೀನೇ, ಒಪ್ಪಿದೆ. ಆದರೆ ಇವತ್ತು ಅದರಲ್ಲಿ ಮೀನು ಯಾರಿಗೂ ಕಾಣುವುದಿಲ್ಲ. ಹೆಮ್ಮೀನಿನಲ್ಲಿ ಎದುರಿಗೇ ನಿಂತಿದೆ. ಮೇಲೆ ಬಂದು ಉಸಿರಾಡಿ, ಮರಿಗೆ ಹಾಲೂಡಿಸುವ ಪ್ರಾಣಿ ಅದು. ಅಚ್ಚಗನ್ನಡವಾದರೆ ಸಾಕು, ತಪ್ಪು ಕಲಿಸಿದರೂ ಸರಿ ಅಂತಲೇ ನಿಮ್ಮ ವಾದ? ಎರವಲು ಪದದ ಮೇಲಿನ ಸಿಟ್ಟನ್ನು ಮಕ್ಕಳ ಫಲಕದ ಮೇಲೆ ತೀರಿಸಿಕೊಳ್ಳಬೇಡಿ.

ಫಲಕದಲ್ಲೂ ಒಂದು ತಪ್ಪಿದೆ. ಎಲ್ಲ ಸದ್ದಿಗೂ 'ಹಾಡು' ಅಂದುಬಿಟ್ಟಿದ್ದೀರಿ. ಗೂನುಬೆನ್ನಿನ ತಿಮಿಂಗಿಲಕ್ಕೆ ಅದು ಒಪ್ಪುತ್ತದೆ. ಅದರ ದನಿ ಪಲ್ಲವಿಯ ಹಾಗೆ ಅದೇ ಕ್ರಮದಲ್ಲಿ ಮರಳಿ ಮರಳಿ ಬರುತ್ತದೆ ಅಂತ 1971ರಲ್ಲಿ ಸಂಶೋಧಕರಾದ ರೋಜರ್ ಪೇನ್ ಮತ್ತು ಸ್ಕಾಟ್ ಮ್ಯಾಕ್ವೇ ತೋರಿಸಿಕೊಟ್ಟರು. ಆದರೆ ಸ್ಪರ್ಮ್ ತಿಮಿಂಗಿಲ, ಪೇಪರಿನವರು 'ತಿಮಿಂಗಿಲ ವಾಂತಿ' ಅನ್ನುತ್ತಾರಲ್ಲ, ಆ ಅಂಬರ್‌ಗ್ರಿಸ್ ಬರುವುದು ಇದರಿಂದಲೇ, ಇದು ಹಾಡುವುದಿಲ್ಲ. ಟಕ್ ಟಕ್ ಅನ್ನುತ್ತದೆ. ಆಳದ ಕತ್ತಲಲ್ಲಿ ಆ ಸದ್ದಿನ ಮಾರ್ದನಿ ಹಿಡಿದು ಬೇಟೆ ಹುಡುಕುತ್ತದೆ. ಬೆರಳಲ್ಲಿ ಹೊಡೆಯುವ 'ಚಿಟಿಕೆ' ಇದೆಯಲ್ವಾ, ಅದೇ ಪದ ಇಲ್ಲಿಗೂ ಸಾಕು, 'ಕ್ಲಿಕ್' ಯಾಕೆ? ಫಿನ್ ತಿಮಿಂಗಿಲದ್ದು ಬೇರೆಯೇ. ಸುಮಾರು 20 ಹರ್ಟ್ಸ್, ಅಂದರೆ ಸೆಕೆಂಡಿಗೆ ಇಪ್ಪತ್ತು ಕಂಪನ. ಅಷ್ಟು ತಗ್ಗಿದ ದನಿ ನಮ್ಮ ಕಿವಿಗೆ ಕೇಳುವ ಸದ್ದಿನ ಕೆಳ ಅಂಚು. ರೆಕಾರ್ಡಿಂಗ್‌ನ ವೇಗ ಹೆಚ್ಚಿಸಿ ಓಡಿಸಿದರೆ ನಮಗೂ ಚೆನ್ನಾಗಿ ಕೇಳುತ್ತದೆ, ಒಂದೊಂದೇ ಬಡಿತವಾಗಿ. ಅದಕ್ಕೆ 'ಮಿಡಿತ' ಅನ್ನಿ.

ಕರಡಚ್ಚು ಕಳಿಸಿ. ಇವತ್ತು ರಾತ್ರಿಯೇ ನೋಡಿಕೊಡುತ್ತೇನೆ.