ಲಾಗ್ ಓದುವ ಪೈಥಾನ್ ಪ್ರೋಗ್ರಾಂಗೆ 11 ನಿಮಿಷ ಬೇಕಾಗ್ತಿದೆ, ಸಮಯ ಎಲ್ಲಿ ಹೋಗ್ತಿದೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. 4 ಲಕ್ಷ ಸಾಲಿನ ಒಂದು ಲಾಗ್ ಫೈಲ್ ಓದಿ, ಒಂದೇ ಎಂಟ್ರಿ ಎರಡೆರಡು ಸಲ ಬಂದಿದ್ದರೆ ಬಿಟ್ಟು, ಉಳಿದದ್ದನ್ನು ಎಸ್‌ಕ್ಯೂಲೈಟ್ ಡೇಟಾಬೇಸಿಗೆ ಹಾಕುವ ಪೈಥಾನ್ ಪ್ರೋಗ್ರಾಂ ಬರೆದಿದ್ದೇನೆ. ಕೊನೆಗೆ ಉಳಿಯುವುದು ಸುಮಾರು 40 ಸಾವಿರ ಸಾಲು. ಉತ್ತರ ಸರಿಯಾಗಿಯೇ ಬರುತ್ತದೆ, ಆದರೆ ಮುಗಿಯಲು 11 ನಿಮಿಷ ದಾಟುತ್ತದೆ.

ಪ್ರತಿ ಸಾಲಿಗೂ ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ನಮೂನೆ ಹುಡುಕುವ ಸೂತ್ರ) ಓಡುವುದರಿಂದ ಪಾರ್ಸಿಂಗ್, ಅಂದರೆ ಸಾಲನ್ನು ಬಿಡಿಸಿ ಓದುವ ಭಾಗವೇ ನಿಧಾನ ಅಂತ ನನ್ನ ಅಂದಾಜು. ಅದನ್ನು ನಾಲ್ಕು ಪ್ರೊಸೆಸ್‌ಗಳಿಗೆ ಹಂಚಿ ನೋಡಿದೆ, ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಪಾರ್ಸರ್ ಅನ್ನು ಸಿ ಭಾಷೆಯಲ್ಲಿ ಬರೆದು ಜೋಡಿಸಿದರೆ ಉಪಯೋಗ ಆಗುತ್ತದಾ? ಅಥವಾ ಮೊದಲು ನೋಡಬೇಕಾದದ್ದು ಬೇರೆ ಏನಾದರೂ ಇದೆಯಾ?

ಉತ್ತರ

ಸಿ ಭಾಷೆಗೆ ಈಗಲೇ ಕೈ ಹಾಕಬೇಡಿ. ಕೋಡ್‌ನ ಒಂದು ಸಾಲನ್ನೂ ಮುಟ್ಟದೆ ಎರಡು ಅಳತೆ ತೆಗೆದು ಇಲ್ಲಿ ಹಾಕಿ.

ಮೊದಲನೆಯದು, ಪ್ರೋಗ್ರಾಂ ಓಡಿಸುವ ಕಮಾಂಡಿನ ಆರಂಭದಲ್ಲಿ ಟೈಮ್ ಕಮಾಂಡ್ ಸೇರಿಸಿ ಓಡಿಸಿ. ರಿಯಲ್, ಯೂಸರ್, ಸಿಸ್ ಅಂತ ಮೂರು ಅಂಕಿ ಬರುತ್ತವೆ. ರಿಯಲ್ ಅಂದರೆ ಗೋಡೆ ಗಡಿಯಾರದ ಸಮಯ. ಯೂಸರ್ ನಿಮ್ಮ ಕೋಡ್ ಸಿಪಿಯು ಮೇಲೆ ಓಡಿದ ಸಮಯ. ಸಿಸ್ ನಿಮ್ಮ ಪರವಾಗಿ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ದುಡಿದ ಸಮಯ. ಒಂದೇ ಥ್ರೆಡ್ಡಿನ ಪ್ರೋಗ್ರಾಂನಲ್ಲಿ ಯೂಸರ್, ಸಿಸ್ ಕೂಡಿಸಿದ್ದು ರಿಯಲ್ ಹತ್ತಿರ ಇದ್ದರೆ ಸಿಪಿಯು ನಿಜವಾಗಿಯೂ ದುಡಿಯುತ್ತಿದೆ. ರಿಯಲ್ ತುಂಬಾ ಮುಂದಿದ್ದರೆ ಪ್ರೋಗ್ರಾಂ ಯಾವುದಕ್ಕೋ ಕಾಯುತ್ತಾ ಕೂತಿದೆ: ಡಿಸ್ಕ್, ನೆಟ್‌ವರ್ಕ್ ಅಥವಾ ಯಾವುದಾದರೂ ಲಾಕ್. ಕಾಯುವಿಕೆಗೂ ಕೆಲಸಕ್ಕೂ ಮದ್ದು ಬೇರೆ ಬೇರೆ, ಅದಕ್ಕೇ ಇದನ್ನು ಮೊದಲು ಕೇಳುತ್ತಿದ್ದೇನೆ.

ಎರಡನೆಯದು, ಪೈಥಾನ್ ಜೊತೆಗೇ ಬರುವ ಸಿಪ್ರೊಫೈಲ್, ಅಂದರೆ ಯಾವ ಫಂಕ್ಷನ್ ಎಷ್ಟು ಸಮಯ ತಿಂದಿತು ಅಂತ ಅಳೆಯುವ ಪ್ರೊಫೈಲರ್. ಫಲಿತಾಂಶವನ್ನು ಟಾಟ್‌ಟೈಮ್ ಪ್ರಕಾರ ವಿಂಗಡಿಸಿ. ನಾಲ್ಕು ಪ್ರೊಸೆಸ್‌ಗಳ ಆವೃತ್ತಿ ಬೇಡ, ಮೊದಲಿನ ಸರಳ ಆವೃತ್ತಿಯನ್ನೇ ಓಡಿಸಿ. ಸಿಪ್ರೊಫೈಲ್ ತಾನು ಶುರುವಾದ ಪ್ರೊಸೆಸ್ಸನ್ನು ಮಾತ್ರ ಅಳೆಯುತ್ತದೆ, ಮಕ್ಕಳ ಪ್ರೊಸೆಸ್‌ಗಳಲ್ಲಿ ಆಗುವುದು ಅದಕ್ಕೆ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರು

ಎರಡೂ ಮಾಡಿದೆ. ರಿಯಲ್ 11 ನಿಮಿಷ 20 ಸೆಕೆಂಡ್, ಯೂಸರ್ 4 ನಿಮಿಷ 10 ಸೆಕೆಂಡ್, ಸಿಸ್ 20 ಸೆಕೆಂಡ್.

ಸಿಪ್ರೊಫೈಲ್‌ನಲ್ಲಿ ಒಟ್ಟು 700 ಸೆಕೆಂಡಿನ ಆಸುಪಾಸು ಬಂತು. ಮೊದಲು ಕ್ಯೂಮ್‌ಟೈಮ್ ಪ್ರಕಾರ ವಿಂಗಡಿಸಿದಾಗ ಮೇಲ್ಗಡೆ ಇಡೀ ಮಾಡ್ಯೂಲ್, ಅದರ ಕೆಳಗೆ ನನ್ನ ‘ಲೋಡ್’ ಫಂಕ್ಷನ್, ಎರಡಕ್ಕೂ ಹತ್ತಿರಹತ್ತಿರ ಪೂರ್ತಿ ಸಮಯ. ಅದರಿಂದ ಏನೂ ಹೊಳೆಯಲಿಲ್ಲ. ಟಾಟ್‌ಟೈಮ್ ಪ್ರಕಾರ ನೋಡಿದರೆ ಹೀಗಿದೆ:

ಎಸ್‌ಕ್ಯೂಲೈಟ್ ಕನೆಕ್ಷನ್‌ನ ಕಮಿಟ್ (ಹಾಕಿದ್ದನ್ನು ಡೇಟಾಬೇಸಿನಲ್ಲಿ ಖಾಯಂ ಮಾಡುವುದು): 40 ಸಾವಿರ ಕರೆ, 404 ಸೆಕೆಂಡ್
‘ಲೋಡ್’: 1 ಕರೆ, 240 ಸೆಕೆಂಡ್
‘ಪಾರ್ಸ್’ ಮತ್ತು ಅದು ಕರೆಯುವ ಎಲ್ಲವೂ ಸೇರಿ: 4 ಲಕ್ಷ ಕರೆ, 34 ಸೆಕೆಂಡ್

ಕಮಿಟ್ ಇಷ್ಟು ತಿನ್ನುತ್ತದೆ ಅಂತ ಎಣಿಸಿರಲಿಲ್ಲ. ಆದರೆ ನಿಜವಾಗಿ ಅರ್ಥವಾಗದಿರುವುದು ‘ಲೋಡ್’ ಲೆಕ್ಕ. ಅದರೊಳಗೆ ಇರುವುದು ಒಂದು ಲೂಪ್ ಅಷ್ಟೇ: ಸಾಲು ತೆಗೆದುಕೊ, ‘ಪಾರ್ಸ್’ ಕರೆ, ಕೀ ಈಗಾಗಲೇ ಪಟ್ಟಿಯಲ್ಲಿ ಇಲ್ಲದಿದ್ದರೆ ಸೇರಿಸು, ಇನ್ಸರ್ಟ್, ಕಮಿಟ್. ಕೆಲಸವೆಲ್ಲ ಬೇರೆ ಫಂಕ್ಷನ್‌ಗಳದ್ದು. ಹಾಗಾದರೆ ಅದರ ಸ್ವಂತ ಖಾತೆಗೆ 240 ಸೆಕೆಂಡ್ ಎಲ್ಲಿಂದ ಬಂತು?

ಉತ್ತರ

ಒಳ್ಳೆಯ ಪ್ರಶ್ನೆ. ಈ ಜಾಗದಲ್ಲೇ ಬಹಳ ಜನ ಪ್ರೊಫೈಲರ್ ಮೇಲೆ ನಂಬಿಕೆ ಕಳೆದುಕೊಳ್ಳುತ್ತಾರೆ.

ಟಾಟ್‌ಟೈಮ್ ಅಂದರೆ ಫಂಕ್ಷನ್ ತನ್ನ ದೇಹದೊಳಗೇ ಕಳೆದ ಸಮಯ, ತಾನು ಕರೆದವರ ಸಮಯ ಕಳೆದು. ಕ್ಯೂಮ್‌ಟೈಮ್ ಅವರನ್ನೂ ಸೇರಿಸಿದ್ದು. ಅದಕ್ಕೇ ಕ್ಯೂಮ್‌ಟೈಮ್ ಪಟ್ಟಿಯ ಮೇಲ್ತುದಿಯಲ್ಲಿ ಯಾವಾಗಲೂ ಮುಖ್ಯ ಫಂಕ್ಷನ್ ಇರುತ್ತದೆ, ಅದು ತಪ್ಪಲ್ಲ.

ಸಿಪ್ರೊಫೈಲ್ ಲೆಕ್ಕ ಇಡುವುದು ಫಂಕ್ಷನ್ ಕರೆಗಳಿಗೆ ಮಾತ್ರ. ‘ಈ ಕೀ ಪಟ್ಟಿಯಲ್ಲಿ ಇದೆಯಾ’ ಅಂತ ಇನ್ ಆಪರೇಟರ್‌ನಿಂದ ಕೇಳುತ್ತೀರಲ್ಲ, ಅದು ಅದರ ಕಣ್ಣಿಗೆ ಫಂಕ್ಷನ್ ಕರೆಯೇ ಅಲ್ಲ. ಹಾಗಾಗಿ ಅದಕ್ಕೆ ಬೇರೆ ಸಾಲು ಸಿಗುವುದಿಲ್ಲ, ಖರ್ಚು ಪೂರ್ತಿ ‘ಲೋಡ್’ ಖಾತೆಗೆ ಬೀಳುತ್ತದೆ. ನೀವು ಬಳಸಿರುವುದು ಲಿಸ್ಟ್ ಆದರೆ, ಪೈಥಾನ್ ಪ್ರತಿ ಸಲವೂ ಮೊದಲಿನಿಂದ ಒಂದೊಂದೇ ಅಂಶ ಹೋಲಿಸುತ್ತಾ ಹೋಗಬೇಕು. ಲಿಸ್ಟ್ 40 ಸಾವಿರದವರೆಗೆ ಬೆಳೆಯುತ್ತದೆ, ಹುಡುಕಾಟ 4 ಲಕ್ಷ ಸಲ. ಒಂದು ಹುಡುಕಾಟಕ್ಕೆ ಸರಾಸರಿ ಹತ್ತಿಪ್ಪತ್ತು ಸಾವಿರ ಹೋಲಿಕೆ ಅಂದುಕೊಂಡರೂ ಒಟ್ಟು ನೂರಾರು ಕೋಟಿಗೆ ಹೋಗುತ್ತದೆ. ನಾಲ್ಕು ನಿಮಿಷ ಹಿಡಿದದ್ದು ಸಹಜವೇ.

ನನ್ನ ಮಾತನ್ನು ಹಾಗೇ ನಂಬಬೇಡಿ, ಲೈನ್ ಪ್ರೊಫೈಲರ್ ಹಾಕಿ ಖಚಿತ ಮಾಡಿಕೊಳ್ಳಿ. ‘ಲೋಡ್’ ತಲೆಯ ಮೇಲೆ ಪ್ರೊಫೈಲ್ ಡೆಕೊರೇಟರ್ ಇಟ್ಟು ಕೆರ್ನ್‌ಪ್ರೊಫ್ ಮೂಲಕ ಓಡಿಸಿದರೆ, ಕೋಡ್‌ನ ಪ್ರತಿ ಸಾಲಿನ ಎದುರಿಗೂ ಅದು ತಿಂದ ಸಮಯದ ಶೇಕಡಾವಾರು ಬರುತ್ತದೆ.

ಇನ್ನು ಕಮಿಟ್. 404 ಸೆಕೆಂಡನ್ನು 40 ಸಾವಿರದಿಂದ ಭಾಗಿಸಿ, ಒಂದಕ್ಕೆ ಸರಿಸುಮಾರು 10 ಮಿಲಿಸೆಕೆಂಡ್. ಇದು ಲೆಕ್ಕ ಮಾಡುವ ಹೊತ್ತಲ್ಲ, ಡಿಸ್ಕಿಗೆ ಕಾಯುವ ಹೊತ್ತು. ಕರೆಂಟ್ ಹೋದರೂ ಡೇಟಾ ಉಳಿಯಬೇಕು ಅಂತ ಎಸ್‌ಕ್ಯೂಲೈಟ್ ಪ್ರತಿ ಕಮಿಟ್‌ಗೂ ಎಫ್‌ಸಿಂಕ್ ಕರೆದು, ಬರೆದದ್ದು ಡಿಸ್ಕಿಗೆ ನಿಜವಾಗಿ ಇಳಿಯುವವರೆಗೆ ನಿಲ್ಲುತ್ತದೆ. ನಿಮ್ಮ ಟೈಮ್ ಅಂಕಿಗಳೂ ಇದನ್ನೇ ಹೇಳುತ್ತಿವೆ: ರಿಯಲ್ 680 ಸೆಕೆಂಡ್, ಯೂಸರ್ ಮತ್ತು ಸಿಸ್ ಸೇರಿ 270, ನಡುವಿನ ಅಂತರ 410. ಸಿಪ್ರೊಫೈಲ್ ಮಾಮೂಲಾಗಿ ಗೋಡೆ ಗಡಿಯಾರವನ್ನೇ ಅಳೆಯುವುದರಿಂದ ಈ ಕಾಯುವಿಕೆ ಅದರ ಪಟ್ಟಿಯಲ್ಲಿ ಸಿಕ್ಕಿತು. ಎರಡು ಬೇರೆ ಉಪಕರಣಗಳು ಹೀಗೆ ಒಂದೇ ಅಂಕಿಗೆ ಬಂದು ನಿಂತರೆ ಧೈರ್ಯವಾಗಿ ಮುಂದುವರಿಯಬಹುದು.

ಪಾರ್ಸರ್ ವಿಚಾರಕ್ಕೆ ಬಂದರೆ, ಅದು ಒಟ್ಟು ಸಮಯದ 5 ಶೇಕಡಾ ಕೂಡ ಇಲ್ಲ. ಸಿ ಭಾಷೆಯಲ್ಲಿ ಬರೆದು ಅದರ ಸಮಯವನ್ನು ಸೊನ್ನೆಗೆ ಇಳಿಸಿದರೂ 11 ನಿಮಿಷದಲ್ಲಿ ಅರ್ಧ ನಿಮಿಷ ಉಳಿದೀತು. 1967ರಲ್ಲಿ ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ ಸಮಾಂತರ ಕಂಪ್ಯೂಟರುಗಳ ಬಗ್ಗೆ ಇಟ್ಟ ವಾದದ ತಿರುಳೂ ಇದೇ. ನಾಲ್ಕು ಪ್ರೊಸೆಸ್‌ಗಳಿಂದ ಲಾಭ ಕಾಣದಿದ್ದಕ್ಕೂ ಇದೇ ಕಾರಣ.

ಮಾಡಬೇಕಾದದ್ದು ಎರಡು: ಲಿಸ್ಟ್ ಬದಲು ಸೆಟ್ (ಅದು ಒಂದೊಂದೇ ಅಂಶ ಹೋಲಿಸದೆ ಕೀಯನ್ನು ನೇರವಾಗಿ ಹುಡುಕುತ್ತದೆ), ಕಮಿಟ್ ಲೂಪ್‌ನಿಂದ ಹೊರಗೆ. ಪೈಥಾನ್‌ನ ಎಸ್‌ಕ್ಯೂಲೈಟ್ ಮಾಡ್ಯೂಲ್ ಮಾಮೂಲು ಸೆಟ್ಟಿಂಗ್‌ನಲ್ಲಿ ಮೊದಲ ಇನ್ಸರ್ಟ್‌ಗೆ ತಾನೇ ಟ್ರಾನ್ಸಾಕ್ಷನ್ (ಒಟ್ಟಾಗಿ ಖಾಯಂ ಆಗುವ ಬದಲಾವಣೆಗಳ ಗುಂಪು) ತೆರೆಯುತ್ತದೆ, ಕೊನೆಯಲ್ಲಿ ಒಂದು ಕಮಿಟ್ ಸಾಕು. ದಯವಿಟ್ಟು ಎರಡನ್ನೂ ಒಟ್ಟಿಗೆ ಬದಲಾಯಿಸಬೇಡಿ. ಒಂದು ಬದಲಾಯಿಸಿ, ಅಳೆದು, ಆಮೇಲೆ ಇನ್ನೊಂದು.

ಇನ್ನೊಬ್ಬರು

ಮೇಲಿನ ಮಾತಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಸಿಪ್ರೊಫೈಲ್ ಪ್ರತಿ ಕರೆಯ ಹೊಸ್ತಿಲಲ್ಲೂ ನಿಂತು ಲೆಕ್ಕ ಬರೆಯುವುದರಿಂದ, ಚಿಕ್ಕದಾಗಿದ್ದು ಲಕ್ಷಾಂತರ ಸಲ ಓಡುವ ಫಂಕ್ಷನ್‌ಗಳು ಇರುವುದಕ್ಕಿಂತ ದಪ್ಪ ಕಾಣುತ್ತವೆ. ‘ಪಾರ್ಸ್’ಗೆ ಬಂದಿರುವ 34 ಸೆಕೆಂಡಿನಲ್ಲಿ ಪ್ರೊಫೈಲರ್‌ನ ಪಾಲೂ ಇದೆ.

ಇದು ಬೇಡವಾದರೆ ಸ್ಯಾಂಪ್ಲಿಂಗ್ ಪ್ರೊಫೈಲರ್ ಬಳಸಿ, ಉದಾಹರಣೆಗೆ ಪೈ-ಸ್ಪೈ. ಓಡುತ್ತಿರುವ ಪ್ರೊಸೆಸ್‌ನ ಪಿಐಡಿ (ಗುರುತಿನ ಸಂಖ್ಯೆ) ಕೊಟ್ಟರೆ, ಮಾಮೂಲಾಗಿ ಸೆಕೆಂಡಿಗೆ 100 ಸಲ ಹೊರಗಿನಿಂದ ಇಣುಕಿ, ಆ ಕ್ಷಣದಲ್ಲಿ ಯಾವ ಸಾಲು ಓಡುತ್ತಿದೆ ಅಂತ ಗುರುತು ಹಾಕಿಕೊಳ್ಳುತ್ತದೆ. ಪ್ರೋಗ್ರಾಂ ಬದಲಾಯಿಸಬೇಕಿಲ್ಲ, ಮತ್ತೆ ಶುರು ಮಾಡಬೇಕಿಲ್ಲ. ಆದರೆ ಸುಮ್ಮನೆ ಕಾಯುತ್ತಿರುವ ಥ್ರೆಡ್‌ಗಳನ್ನು ಅದು ಮಾಮೂಲಾಗಿ ಎಣಿಸುವುದಿಲ್ಲ. ನಿಮ್ಮ ಕಮಿಟ್ ಥರದ ಕಾಯುವಿಕೆ ಚಿತ್ರದಲ್ಲಿ ಬರಬೇಕಾದರೆ ಐಡಲ್ ಆಯ್ಕೆ ಕೊಡಲೇಬೇಕು.

ಅದು ಕೊಡುವ ಫ್ಲೇಮ್ ಗ್ರಾಫ್ ಓದುವಾಗಲೂ ಜೋಪಾನ. 2011ರಲ್ಲಿ ಬ್ರೆಂಡನ್ ಗ್ರೆಗ್ ರೂಪಿಸಿದ ಈ ಚಿತ್ರದಲ್ಲಿ ಎಡದಿಂದ ಬಲಕ್ಕೆ ಕಾಲ ಓಡುವುದಿಲ್ಲ. ಪ್ರತಿ ಫಂಕ್ಷನ್ನಿಗೆ ಎಳೆದ ಅಡ್ಡಪಟ್ಟಿಯ ಅಗಲ ಅಂದರೆ ಒಟ್ಟು ಸ್ಯಾಂಪಲ್‌ಗಳಲ್ಲಿ ಅದರ ಪಾಲು, ಅಷ್ಟೇ.

ಮತ್ತೊಬ್ಬರು

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನನ್ನದು ಸಿ++ ಪ್ರೋಗ್ರಾಂ, ಲಿನಕ್ಸ್‌ನಲ್ಲಿ ಪರ್ಫ್ ಅನ್ನುವ ಪ್ರೊಫೈಲರ್ ಬಳಸುತ್ತೇನೆ. ಫಂಕ್ಷನ್ ಹೆಸರಿನ ಬದಲು ಬರೀ ಅಡ್ರೆಸ್‌ಗಳು, ಕರೆಯ ಸರಣಿಯೂ ಅರ್ಧಕ್ಕೇ ಕಡಿದುಹೋಗಿರುತ್ತದೆ. ಆಪ್ಟಿಮೈಸೇಶನ್ ತೆಗೆದು ಕಂಪೈಲ್ ಮಾಡಲಾ?

ಉತ್ತರ

ಖಂಡಿತ ಬೇಡ. ಆಪ್ಟಿಮೈಸೇಶನ್ ಇಲ್ಲದ ಬಿಲ್ಡ್‌ನಲ್ಲಿ ಸಮಯ ಹಂಚಿಕೆಯಾಗುವ ರೀತಿಯೇ ಬೇರೆ, ನೀವು ಬೇರೊಂದು ಪ್ರೋಗ್ರಾಂ ಅಳೆದಂತೆ ಆಗುತ್ತದೆ. ಓ2 ಅನ್ನುವ ಆಪ್ಟಿಮೈಸೇಶನ್ ಆಯ್ಕೆ ಹಾಗೇ ಇರಲಿ, ಜೊತೆಗೆ ಡಿಬಗ್ ಮಾಹಿತಿಗಾಗಿ ಜಿ ಆಯ್ಕೆ ಸೇರಿಸಿ, ಬೈನರಿಯಿಂದ ಸಿಂಬಲ್‌ಗಳನ್ನು ಸ್ಟ್ರಿಪ್ ಮಾಡಬೇಡಿ. ಸರಣಿ ಕಡಿದುಹೋಗುವುದಕ್ಕೆ ಸಾಮಾನ್ಯ ಕಾರಣ, ಕಂಪೈಲರ್ ಫ್ರೇಮ್ ಪಾಯಿಂಟರ್ (ಯಾರು ಯಾರನ್ನು ಕರೆದರು ಅಂತ ಹಿಂದಕ್ಕೆ ಹುಡುಕಲು ಬೇಕಾದ ಗುರುತು) ಬಿಟ್ಟುಬಿಡುವುದು. ಅದನ್ನು ಉಳಿಸಿಕೊಳ್ಳಲು ಹೇಳುವ ಆಯ್ಕೆ ಕೊಟ್ಟು ಮತ್ತೆ ಕಂಪೈಲ್ ಮಾಡಿ. ಅದು ಆಗದಿದ್ದರೆ ಪರ್ಫ್‌ಗೆ ಡಿಬಗ್ ಮಾಹಿತಿ ಬಳಸುವ ಡ್ವಾರ್ಫ್ ವಿಧಾನದಲ್ಲಿ ಸರಣಿ ಹಿಡಿಯಲು ಹೇಳಿ, ಡೇಟಾ ಫೈಲ್ ಮಾತ್ರ ಬಹಳ ದೊಡ್ಡದಾಗುತ್ತದೆ.

ಪ್ರಶ್ನೆ ಕೇಳಿದವರು

ಲೈನ್ ಪ್ರೊಫೈಲರ್ ಹಾಕಿದೆ. ನೀವು ಹೇಳಿದಂತೆಯೇ ಇದೆ: ಕಮಿಟ್ ಸಾಲಿಗೆ 58 ಶೇಕಡಾ, ‘ಪಟ್ಟಿಯಲ್ಲಿ ಇಲ್ಲದಿದ್ದರೆ’ ಅನ್ನುವ ಒಂದೇ ಸಾಲಿಗೆ 34. ಆ ಸಾಲನ್ನು ಸಂಶಯಿಸುವ ಯೋಚನೆಯೇ ನನಗೆ ಬಂದಿರಲಿಲ್ಲ.

ಮೊದಲು ಸೆಟ್ ಹಾಕಿದೆ: ಯೂಸರ್ 4 ನಿಮಿಷದಿಂದ 10 ಸೆಕೆಂಡಿಗೆ ಇಳಿಯಿತು. ಆಮೇಲೆ ಕಮಿಟ್ ಹೊರಗೆ ತಂದೆ: ರಿಯಲ್ ಈಗ 11 ಸೆಕೆಂಡ್! ಪೈ-ಸ್ಪೈ ಹಾಕಿ ನೋಡಿದರೆ ಈಗ ಅರ್ಧ ಭಾಗ ಎಸ್‌ಟಿಆರ್‌ಪಿಟೈಮ್‌ನಲ್ಲೇ ಇದೆ, ಲಾಗ್‌ನ ದಿನಾಂಕವನ್ನು ಓದುವ ಕಡೆ. ಇಲ್ಲಿಗೆ ನಿಲ್ಲಿಸಲಾ, ಇದನ್ನೂ ನೋಡಲಾ?

ಉತ್ತರ

ತುಂಬಾ ಖುಷಿಯಾಯಿತು. ದೊಡ್ಡದು ಎರಡು ಹೋದ ಮೇಲೆ, ಆಗ 5 ಶೇಕಡಾ ಕೂಡ ಇರದಿದ್ದದ್ದು ಈಗ ಅರ್ಧ ಆಗಿದೆ. ಹೀಗಾಗುತ್ತದೆ ಅಂತಲೇ ಪ್ರತಿ ಬದಲಾವಣೆಯ ನಂತರ ಹೊಸದಾಗಿ ಅಳೆಯಲು ಹೇಳಿದ್ದು.

ಎಸ್‌ಟಿಆರ್‌ಪಿಟೈಮ್ ನಿಧಾನ, ಏಕೆಂದರೆ ಅದರ ಒಳಗಿನ ಕೆಲಸ ನಡೆಯುವುದು ಪೈಥಾನ್ ಕೋಡ್‌ನಲ್ಲೇ, ಫಾರ್ಮ್ಯಾಟ್ ನೋಡಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಮೂಲಕ. ನಿಮ್ಮ ಲಾಗ್‌ನ ದಿನಾಂಕ ಐಎಸ್‌ಒ ಮಾದರಿಯಲ್ಲಿದ್ದರೆ ಡೇಟ್‌ಟೈಮ್‌ನ ಫ್ರಮ್‌ಐಎಸ್‌ಒಫಾರ್ಮ್ಯಾಟ್ ಬಳಸಿ. ಅದು ಸಿ ಭಾಷೆಯಲ್ಲಿದೆ, ಬಹಳ ವೇಗ. ಪೈಥಾನ್ 3.7ರಿಂದ ಲಭ್ಯ. 3.11ಕ್ಕಿಂತ ಹಳೆಯದರಲ್ಲಿ ಕೊನೆಯ ಝೆಡ್ ಅಕ್ಷರವನ್ನು ಒಪ್ಪುವುದಿಲ್ಲ, ಅದಿದ್ದರೆ ಮೊದಲೇ ತೆಗೆಯಿರಿ. ಒಂದು ಸಾಲಿನ ಬದಲಾವಣೆ, ಮಾಡಿಬಿಡಿ. ಅದಾದ ಮೇಲೆ ನಾನಾದರೆ ನಿಲ್ಲಿಸುತ್ತೇನೆ.

ಒಂದು ವಿಷಯ ಮಾತ್ರ ನೀವೇ ತೀರ್ಮಾನಿಸಬೇಕು. ಒಂದೇ ಕಮಿಟ್ ಇರುವಾಗ ಮಧ್ಯದಲ್ಲಿ ಪ್ರೋಗ್ರಾಂ ನಿಂತರೆ ಆ ಓಟದ ಒಂದು ಸಾಲೂ ಡೇಟಾಬೇಸಿನಲ್ಲಿ ಉಳಿಯುವುದಿಲ್ಲ. ಲಾಗ್ ಫೈಲ್ ಕೈಯಲ್ಲೇ ಇದೆ, ಮತ್ತೆ ಓಡಿಸಬಹುದು ಅಂದರೆ ಅದೇ ಒಳ್ಳೆಯದು, ಅರ್ಧಂಬರ್ಧ ಡೇಟಾ ಉಳಿಯುವ ತಲೆನೋವಿಲ್ಲ. ಹಾಗಲ್ಲದಿದ್ದರೆ 5 ಸಾವಿರ ಸಾಲಿಗೊಮ್ಮೆ ಕಮಿಟ್ ಮಾಡಿ. 40 ಸಾವಿರ ಸಾಲಿಗೆ ಎಂಟು ಸಲ ಕಾಯುವುದು ಗೊತ್ತೂ ಆಗುವುದಿಲ್ಲ.

ಪ್ರಶ್ನೆ ಕೇಳಿದವರು

ಫ್ರಮ್‌ಐಎಸ್‌ಒಫಾರ್ಮ್ಯಾಟ್ ಹಾಕಿದೆ, 6 ಸೆಕೆಂಡಿನೊಳಗೆ ಮುಗಿಯುತ್ತಿದೆ. ಫೈಲ್ ನನ್ನ ಹತ್ತಿರವೇ ಇರುವುದರಿಂದ ಒಂದೇ ಕಮಿಟ್ ಇಟ್ಟುಕೊಂಡಿದ್ದೇನೆ. ಎಲ್ಲರಿಗೂ ತುಂಬು ಧನ್ಯವಾದ. ಸಮಸ್ಯೆ ಬಗೆಹರಿದಿದೆ.