ಅಮ್ಮನ ಕಿವಿ, ಸಂಜೆ ಧಾರಾವಾಹಿ, ಊರಿನ ನಾಟಕ: ಅನುಭವ ಇದ್ದವರು ಹೇಳಿ

ಕೇಳಿದ್ದು, ಬಳ್ಳಾರಿ ಗಾಂಧಿನಗರದಿಂದ:

ನಮ್ಮ ಅಮ್ಮನಿಗೆ ಎಪ್ಪತ್ತು ದಾಟಿದೆ. ಕಿವಿ ಮಂದ ಆಗ್ತಾ ಇದೆ. ಸಂಜೆಯಾದರೆ ಧಾರಾವಾಹಿ ಬೇಕೇ ಬೇಕು. ಕನ್ನಡದ್ದು ಮುಗಿದ ಮೇಲೆ ತೆಲುಗಿಂದು ಒಂದೆರಡು. ಸೌಂಡ್ ಎಷ್ಟು ಏರಿಸಿದರೂ "ಏನಂದಳು ಈಗ?" ಅಂತ ನಮ್ಮನ್ನೇ ಕೇಳುತ್ತಾರೆ. ಪಕ್ಕದ ರೂಮಲ್ಲಿ ಮಗಳು ಎಸ್ಸೆಸ್ಸೆಲ್ಸಿಗೆ ಓದುತ್ತಾಳೆ. ಹತ್ತು ಸಾವಿರದ ಒಳಗೆ ಏನಾದರೂ ಮಾಡಬೇಕು. ಸೌಂಡ್‌ಬಾರ್ ತಗೊಳ್ಳಲಾ, ಬ್ಲೂಟೂತ್ ಹೆಡ್‌ಫೋನಾ, ಇಲ್ಲಾ ಅವರಿಗೇ ಒಂದು ಟ್ಯಾಬ್ ಕೊಡಿಸಿಬಿಡಲಾ? ಇನ್ನೊಂದು ವಿಷಯ. ಅಮ್ಮನಿಗೆ ಮೊದಲಿಂದಲೂ ನಾಟಕ ಅಂದರೆ ಜೀವ. ಈಗ ಕರೆದುಕೊಂಡು ಹೋದರೆ ಅವರಿಗೆ ಕೇಳಿಸುತ್ತಾ?

ಸಂಡೂರಿನಿಂದ:

ಅಂಗಡಿಗೆ ಹೋಗುವ ಮೊದಲು ಕಿವಿ ಡಾಕ್ಟರ ಹತ್ತಿರ ಹೋಗಿ. ನಮ್ಮ ಅತ್ತೆಗೆ ಅರ್ಧ ತೊಂದರೆ ಗಟ್ಟಿಯಾದ ಗುಗ್ಗೆಯಿಂದಲೇ ಇತ್ತು, ತೆಗೆದ ಮೇಲೆ ಎಷ್ಟೋ ಹಗುರ ಆಯಿತು. ಉಳಿದದ್ದು ವಯಸ್ಸಿನದು. ವಯಸ್ಸಾದಾಗ ಮೊದಲು ಹೋಗುವುದು ತೀಕ್ಷ್ಣ ಸದ್ದುಗಳು. ಸ, ಶ, ತ, ಕ ಇಂಥ ಅಕ್ಷರಗಳು ಕಳೆದು ಹೋಗುತ್ತವೆ, ಆ, ಓ, ಊ ಚೆನ್ನಾಗಿಯೇ ಕೇಳುತ್ತವೆ. ಅದಕ್ಕೇ ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಅಂದರು ಅಂತ ತಿಳಿಯುವುದಿಲ್ಲ. ಸೌಂಡ್ ಏರಿಸಿದರೆ ಮಾತಿನ ಜೊತೆ ಹಿನ್ನೆಲೆ ಸಂಗೀತವೂ ಏರುತ್ತದೆ, ಧಾರಾವಾಹಿಯಲ್ಲಂತೂ ಒಬ್ಬೊಬ್ಬರ ಮುಖ ತೋರಿಸುವಾಗಲೂ ಒಂದು ಢಮಾರ್ ಇರುತ್ತದೆ, ಆ ಗದ್ದಲದಲ್ಲಿ ಮಾತು ಇನ್ನೂ ಮುಳುಗುತ್ತದೆ. ಆಡಿಯೋಗ್ರಾಮ್ ಮಾಡಿಸಿ, ಅಂದರೆ ಯಾವ ಸದ್ದು ಎಷ್ಟು ಕೇಳುತ್ತದೆ ಅಂತ ಅಳೆಯುವ ಪರೀಕ್ಷೆ. ನೋವಿಲ್ಲ, ಅರ್ಧ ಗಂಟೆಯ ಕೆಲಸ. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಕಿವಿ ವಿಭಾಗದಲ್ಲೂ ಮಾಡುತ್ತಾರೆ. ಆ ಚೀಟಿ ಇಲ್ಲದೆ ಆನ್‌ಲೈನಲ್ಲಿ ಸಿಗುವ ಅಗ್ಗದ ಕಿವಿ ಯಂತ್ರ ತರಿಸಬೇಡಿ, ಅವು ಎಲ್ಲಾ ಸದ್ದನ್ನೂ ಒಂದೇ ಸಮ ಏರಿಸುತ್ತವೆ.

ಕೌಲ್ ಬಜಾರಿನಿಂದ, ಟಿವಿ ರಿಪೇರಿ ಮಾಡುವವನು:

ದುಡ್ಡು ಖರ್ಚು ಮಾಡುವ ಮೊದಲು ಟಿವಿಯ ಸೌಂಡ್ ಸೆಟ್ಟಿಂಗ್ ತೆಗೆಯಿರಿ. ಕ್ಲಿಯರ್ ವಾಯ್ಸ್, ಸ್ಪೀಚ್, ನ್ಯೂಸ್, ಇಂಥ ಯಾವುದಾದರೊಂದು ಹೆಸರಿನ ಮೋಡ್ ಇರುತ್ತದೆ. ಅದನ್ನು ಹಾಕಿ, ಬೇಸ್ ಕಡಿಮೆ ಮಾಡಿ, ಸರೌಂಡ್ ಆಫ್ ಮಾಡಿ. ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ಕೆಲಸ ಮುಗಿದಿದೆ. ಈಗಿನ ತೆಳು ಟಿವಿಗಳ ಸ್ಪೀಕರ್ ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರುತ್ತದೆ, ಮಾತು ಗೋಡೆಗೆ ಬಡಿದು ಬರುತ್ತದೆ. ಹಳೆಯ ಡಬ್ಬಾ ಟಿವಿಯಲ್ಲಿ ಅಮ್ಮನಿಗೆ ಚೆನ್ನಾಗಿ ಕೇಳುತ್ತಿತ್ತು ಅಂತ ಜನ ಹೇಳುವುದು ಸುಳ್ಳಲ್ಲ.

ಸೌಂಡ್‌ಬಾರ್ ಬೇಕು ಅಂದರೆ 2.1, ಅಂದರೆ ಎಡಬಲ ಎರಡು ಸ್ಪೀಕರ್ ಮತ್ತು ಬೇಸಿಗೆ ಒಂದು ಇರುವುದು, ತಗೊಳ್ಳಬೇಡಿ. ಅದು ಸಿನಿಮಾ ಹಾಡಿಗೆ ಸರಿ, ನಿಮಗೆ ಬೇಕಾದದ್ದು ಮಾತು. 3.1ರಲ್ಲಿ ಮಾತಿಗೇ ನಡುವೆ ಬೇರೆ ಸ್ಪೀಕರ್ ಇರುತ್ತದೆ, ಅದನ್ನು ಮಾತ್ರ ಏರಿಸಬಹುದು. ಬೆಲೆ ನಿಮ್ಮ ಬಜೆಟ್ ಮೀರಬಹುದು. ನಾನು ಹೇಳುವುದು ಅದಕ್ಕಿಂತ ಸುಲಭ. ಒಂದು ಚಿಕ್ಕ ಸ್ಪೀಕರಿಗೆ ಉದ್ದ ವೈರ್ ಎಳೆದು ಅಮ್ಮನ ಕುರ್ಚಿ ಪಕ್ಕ, ಕಿವಿಯ ಎತ್ತರಕ್ಕೆ ಇಡಿ. ದೂರ ಅರ್ಧ ಆದರೆ ಬಯಲಲ್ಲಿ ಸದ್ದು 6 ಡೆಸಿಬೆಲ್ ಜಾಸ್ತಿ ಆಗುತ್ತದೆ. ಕೋಣೆಯಲ್ಲಿ ಗೋಡೆಗಳಿಂದಾಗಿ ಅಷ್ಟಿಲ್ಲ, ಆದರೂ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಟಿವಿಯದ್ದು ಸಣ್ಣಗೆ ಇಡಬಹುದು, ಮಗಳ ಓದಿಗೂ ತೊಂದರೆ ಇಲ್ಲ. ವೈರನ್ನು ಗೋಡೆಗೆ ಹಚ್ಚಿ ಕ್ಲಿಪ್ ಹೊಡೆಯಿರಿ, ಕಾಲಿಗೆ ಸಿಕ್ಕಬಾರದು.

ಬ್ಲೂಟೂತಲ್ಲಿ ಎರಡು ತೊಡಕು. ಒಂದು, ಕೆಲವು ಹೆಡ್‌ಫೋನಲ್ಲಿ ಮಾತು ತುಟಿಗಿಂತ ಸ್ವಲ್ಪ ತಡವಾಗಿ ಬರುತ್ತದೆ. ಕಿವಿ ಮಂದ ಇರುವವರು ತುಟಿ ನೋಡಿಯೇ ಅರ್ಧ ತಿಳಿಯುತ್ತಾರೆ, ಅವರಿಗೆ ಇದರಿಂದ ಗೊಂದಲ ಜಾಸ್ತಿ. ಇನ್ನೊಂದು, ಬಹಳ ಟಿವಿಗಳಲ್ಲಿ ಬ್ಲೂಟೂತ್ ಹಚ್ಚಿದ ಕೂಡಲೇ ಟಿವಿಯ ಸ್ಪೀಕರ್ ಬಂದ್ ಆಗುತ್ತದೆ. ಅವರಿಗಷ್ಟೇ ಕೇಳುತ್ತದೆ, ಮನೆಯವರಿಗೆ ಇಲ್ಲ.

ರಾಯಚೂರಿನಿಂದ:

ಟ್ಯಾಬ್ ಬೇಡ ಅಂತ ನನ್ನ ಮಾತು. ನಮ್ಮ ಅಮ್ಮನಿಗೆ ಅಣ್ಣ ಕೊಡಿಸಿದ. ಎಪಿಸೋಡ್ ತಪ್ಪಲ್ಲ, ಕರೆಂಟು ಹೋದರೂ ನಿಲ್ಲಲ್ಲ, ಜೀ5, ಜಿಯೋಹಾಟ್‌ಸ್ಟಾರ್ ಎಲ್ಲಾ ಅದರಲ್ಲೇ. ಅನುಕೂಲ ನಿಜ. ಆದರೆ ಅದಕ್ಕಿಂತ ಮುಂಚೆ ಎದುರುಮನೆಯ ಇಬ್ಬರು ಹೆಂಗಸರು ಸಂಜೆ ನಮ್ಮಲ್ಲಿಗೆ ಬಂದು ಕೂತು, ಆ ಸೊಸೆ ಮಾಡಿದ್ದು ಸರಿ, ಆ ಅತ್ತೆಗೆ ಹಾಗೇ ಆಗಬೇಕು ಅಂತ ಜಗಳ ಆಡುತ್ತಾ ನೋಡುತ್ತಿದ್ದರು. ಟ್ಯಾಬ್ ಬಂದ ಮೇಲೆ ಅಮ್ಮ ಮಂಚದ ಮೇಲೆ ಒಬ್ಬರೇ. ಮಾತೇ ಕಡಿಮೆ ಆಯಿತು. ನನಗೆ ಇದು ಬಹಳ ಬೇಜಾರು ತಂದ ವಿಷಯ. ಕಿವಿ ಮಂದ ಆದವರು ಮೊದಲೇ ಜನರಿಂದ ದೂರ ಸರಿಯುತ್ತಾರೆ.

ಕೊಪ್ಪಳದಿಂದ:

ನಮ್ಮನೆಯಲ್ಲಿ ಬೇರೆ ಥರ. ಅಜ್ಜಿ ಟ್ಯಾಬಲ್ಲಿ ಹಿಂದಕ್ಕೆ ಎಳೆದು ಅದೇ ಮಾತು ಮತ್ತೆ ಕೇಳುತ್ತಾರೆ, ದೊಡ್ಡ ಟಿವಿಯಲ್ಲಿ ಅದು ಆಗಲ್ಲ. ಬೆಂಗಳೂರಲ್ಲಿರುವ ಮೊಮ್ಮಕ್ಕಳ ಮುಖವೂ ಅದರಲ್ಲೇ ದೊಡ್ಡದಾಗಿ ಕಾಣುತ್ತದೆ. ಹಗಲು ಟ್ಯಾಬ್, ಸಂಜೆ ಎಲ್ಲರ ಜೊತೆ ಟಿವಿ ಅಂತ ಮಾಡಿಕೊಂಡಿದ್ದೇವೆ, ನಡೆಯುತ್ತಿದೆ.

ಸಿರುಗುಪ್ಪದಿಂದ, ಊರ ನಾಟಕಗಳಿಗೆ ಹಾರ್ಮೋನಿಯಂ ನುಡಿಸುವವನು:

ಮಾಡಬೇಕಾದದ್ದನ್ನು ಮೇಲಿನವರು ಹೇಳಿದ್ದಾರೆ. ನಾನು ನಾಟಕದ ಬಗ್ಗೆ ಹೇಳುತ್ತೇನೆ. ಅಮ್ಮನನ್ನು ಖಂಡಿತ ಕರೆದುಕೊಂಡು ಹೋಗಿ. ಧಾರಾವಾಹಿಗಿಂತ ಅವರಿಗೆ ಅಲ್ಲೇ ಜಾಸ್ತಿ ತಿಳಿಯುತ್ತದೆ, ನಾನು ಇದನ್ನು ಸ್ಟೇಜಿನ ಪಕ್ಕ ಕೂತು ನೋಡಿ ಹೇಳುತ್ತಿದ್ದೇನೆ. ನಮ್ಮ ಭಾಗದ ಪೌರಾಣಿಕ ನಾಟಕದಲ್ಲಿ, ಹಳೆಯ ವೃತ್ತಿ ನಾಟಕ ಕಂಪನಿಗಳ ಶೈಲಿಯಲ್ಲಿ, ನಟರು ಜನರ ಕಡೆ ಮುಖ ಮಾಡಿ ಮಾತನಾಡುತ್ತಾರೆ. ಒಂದೊಂದು ಅಕ್ಷರ ಬಿಡಿಸಿ, ಕೊನೆಯ ಸಾಲಿನವರೆಗೆ ಎಸೆಯುತ್ತಾರೆ. ಮಾತಿನ ಮೇಲೆ ಸಂಗೀತ ಬರುವುದಿಲ್ಲ, ಮಾತು ನಿಂತ ಮೇಲೆ ನಾವು ಶ್ರುತಿ ಹಿಡಿಯುತ್ತೇವೆ. ಕಥೆ ಹೇಗೂ ಗೊತ್ತಿರುವುದೇ. ಒಂದು ಮಾತು ತಪ್ಪಿದರೂ ಮುಂದಿನದು ಕೈಗೆ ಸಿಗುತ್ತದೆ. ರಂಗನಟಿ ಸುಭದ್ರಮ್ಮ ಮನ್ಸೂರ್ ಅವರ ದ್ರೌಪದಿ ಪಾತ್ರ ನೋಡಿದವರನ್ನು ಕೇಳಿ, ಮಾತು ಹೇಗಿರುತ್ತಿತ್ತು ಅಂತ ಹೇಳುತ್ತಾರೆ. 2020ರಲ್ಲಿ ಅವರು ಹೋದರು. ನಿಮ್ಮ ಅಮ್ಮ ನೋಡಿರಲೂಬಹುದು, ಸುಮ್ನೆ ಒಮ್ಮೆ ಕೇಳಿ.

ಹಳ್ಳಿಯ ನಾಟಕಕ್ಕೂ ರಂಗಮಂದಿರದ ನಾಟಕಕ್ಕೂ ವ್ಯತ್ಯಾಸ ಇದೆ. ಹಳ್ಳಿಯಲ್ಲಿ ಜಾತ್ರೆಗೋ ಉರುಸಿಗೋ ಆಡಿಸಿದರೆ ರಾತ್ರಿ ಹತ್ತು ಹನ್ನೊಂದಕ್ಕೆ ಶುರು, ಬೆಳಗಿನ ಜಾವದವರೆಗೂ ನಡೆಯುತ್ತದೆ, ನಡುನಡುವೆ ನಟರಿಗೆ ಆಯೇರಿ (ಉಡುಗೊರೆ) ಮಾಡುವವರು ಬೇರೆ. ಹೆಣ್ಣುಮಕ್ಕಳಿಗೆ ಶೌಚಾಲಯದ ವ್ಯವಸ್ಥೆ ಬಹಳ ಕಡೆ ಇರುವುದಿಲ್ಲ, ಅದನ್ನು ಮೊದಲೇ ವಿಚಾರಿಸಿ, ಸಂಬಂಧಿಕರ ಮನೆ ಹತ್ತಿರ ಇರುವ ಊರಿಗೇ ಹೋಗಿ. ಬೆನ್ನಿಗೆ ಆಸರೆ ಇರುವ ಕುರ್ಚಿ, ಒಂದು ಶಾಲು ಇರಲಿ. ಸ್ಪೀಕರ್ ಡಬ್ಬಿಗಳ ಪಕ್ಕ ಮಾತ್ರ ಕೂರಿಸಬೇಡಿ. ಕಿವಿ ಮಂದ ಇರುವವರನ್ನು ಜನ ಅಲ್ಲೇ ಕೂರಿಸುತ್ತಾರೆ, ಅಲ್ಲಿ ಸದ್ದು ಒಡೆದು ಬರುತ್ತದೆ, ಇರುವ ಕಿವಿಗೂ ಏಟು. ಮಧ್ಯದಲ್ಲಿ, ಮುಖ ಕಾಣುವಷ್ಟು ಹತ್ತಿರ, ಎರಡು ಮೂರನೇ ಸಾಲು ಒಳ್ಳೆಯದು.

ನಿಮ್ಮ ಬಳ್ಳಾರಿಯಲ್ಲೇ ಆದರೆ ರಾಘವ ಕಲಾಮಂದಿರ ಇದೆ, ಜೋಳದರಾಶಿ ದೊಡ್ಡನಗೌಡ ರಂಗಮಂದಿರ ಇದೆ. ನಿಮ್ಮ ಅಮ್ಮ ಕನ್ನಡ ತೆಲುಗು ಎರಡೂ ನೋಡುತ್ತಾರೆ ಅಂದಿರಲ್ಲ, ಬಳ್ಳಾರಿಯ ರಂಗಭೂಮಿಯೂ ಹಾಗೇ ಬೆಳೆದದ್ದು. ಬಳ್ಳಾರಿ ರಾಘವರು ವಕೀಲರು, ಹೆಚ್ಚು ಹೆಸರು ಮಾಡಿದ್ದು ತೆಲುಗು ರಂಗದಲ್ಲಿ, ಕನ್ನಡದಲ್ಲೂ ಪಾತ್ರ ಮಾಡಿದವರು. 1946ರಲ್ಲಿ ತೀರಿಕೊಂಡರು, ಹೆಸರು ಆ ಕಟ್ಟಡದ ಮೇಲೆ ಉಳಿದಿದೆ. ಚಳಿಗಾಲದ ಹೊತ್ತಿಗೆ ನೀನಾಸಂ ತಿರುಗಾಟ, ಸಾಣೇಹಳ್ಳಿಯ ಶಿವಸಂಚಾರ ಎಂಬ ಸಂಚಾರಿ ನಾಟಕ ತಂಡಗಳು ರಾಜ್ಯ ಸುತ್ತುತ್ತವೆ, ಈ ಕಡೆ ಬಂದಾಗ ಬಿಡಬೇಡಿ. ತಿರುಗಾಟ 1985ರಿಂದ ನಡೆಯುತ್ತಿದೆ, ಅವರ ಮಾತು ಸ್ಪಷ್ಟ. ಕೆಲವು ಹೊಸ ನಾಟಕಗಳಲ್ಲಿ ಮಾತ್ರ ನಟರು ಬೆನ್ನು ತಿರುಗಿಸಿ, ಮೆಲ್ಲಗೆ ಮಾತಾಡುತ್ತಾರೆ. ಅಂಥದ್ದಕ್ಕೆ ಮೊದಲ ಸಲವೇ ಕರೆದೊಯ್ದರೆ ಅವರಿಗೆ ನಿರಾಸೆ ಆಗಬಹುದು.

ಮತ್ತೆ ಗಾಂಧಿನಗರದಿಂದ:

ಎಲ್ಲರಿಗೂ ಧನ್ಯವಾದ. ಸೆಟ್ಟಿಂಗ್ ಬದಲಾಯಿಸಿ ನೋಡಿದೆ, ಈಗಲೇ ಸ್ವಲ್ಪ ಫರಕ್ ಇದೆ. ಕಿವಿ ಪರೀಕ್ಷೆ ಮೊದಲು, ಆಮೇಲೆ ಕುರ್ಚಿ ಪಕ್ಕದ ಸ್ಪೀಕರ್. ಸುಭದ್ರಮ್ಮನವರ ಬಗ್ಗೆ ಕೇಳಿದೆ, ನೋಡಿದ್ದಾರಂತೆ! ಒಂದು ಗಂಟೆ ಅದೇ ಮಾತು. ಕಿವಿ ಯಂತ್ರ ಬಂದರೆ ನಾಟಕದಲ್ಲಿ ಅದನ್ನು ಹಾಕಿಕೊಂಡು ಕೂರಬಹುದಾ?

ಸಂಡೂರಿನಿಂದ:

ಕೂರಬಹುದು, ಆದರೆ ಹೊಸತಾಗಿ ಹಾಕಿಕೊಂಡ ವಾರದಲ್ಲೇ ಬೇಡ. ಮನೆಯಲ್ಲಿ ಕೆಲವು ವಾರ ಅಭ್ಯಾಸ ಆಗಲಿ, ಮೊದಮೊದಲು ಪಾತ್ರೆ ಸದ್ದೂ ಚುಚ್ಚುತ್ತದೆ. ಯಂತ್ರ ಹೊಂದಿಸುವವರಿಗೆ ನಾಟಕಕ್ಕೆ ಹೋಗುತ್ತೇವೆ ಅಂತ ಮೊದಲೇ ಹೇಳಿ, ಗದ್ದಲದ ಜಾಗಕ್ಕೆ ಯಂತ್ರದಲ್ಲಿ ಬೇರೆ ಪ್ರೋಗ್ರಾಮ್ (ಸೆಟ್ಟಿಂಗ್) ಹಾಕಿಕೊಡುತ್ತಾರೆ. ಬ್ಯಾಟರಿ ಒಂದು ಜೊತೆ ಜಾಸ್ತಿ ಇಟ್ಟುಕೊಳ್ಳಿ.